ಕಚೇರಿ ಕಂಪ್ಯೂಟರಿನ ಪರದೆ: ನಿಮ್ಮ ಕೆಲಸಕ್ಕೆ ತಕ್ಕಂತೆ ನೀವೇ ಜೋಡಿಸಿಕೊಳ್ಳಿ

ರಾಯಚೂರು ಜಿಲ್ಲೆಯ ಶಕ್ತಿನಗರ ಎಂದರೆ ನಾಡಿಗೆಲ್ಲ ನೆನಪಾಗುವುದು ಕೃಷ್ಣೆಯ ದಡದ ಶಾಖೋತ್ಪನ್ನ ವಿದ್ಯುತ್ ಕೇಂದ್ರ. 1985ರಲ್ಲಿ ಮೊದಲ ಘಟಕ ಶುರುವಾದ ಈ ಕೇಂದ್ರದಲ್ಲಿ ಎಂಟು ಘಟಕಗಳು, ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಇಂಥ ಊರಿನಲ್ಲಿ ಕಾಗದದ ಕೆಲಸಕ್ಕೂ ಕೊನೆಯಿಲ್ಲ. ಗುತ್ತಿಗೆ ಕಾರ್ಮಿಕರ ಹಾಜರಿ, ಕೂಲಿ ಬಿಲ್ಲು, ಗೇಟ್ ಪಾಸ್ ಅರ್ಜಿ. ಅತ್ತ ದೇವದುರ್ಗ, ಮಾನ್ವಿ ಕಡೆ ಹೋದರೆ ಬೆಳೆ ಸಾಲದ ಅರ್ಜಿ, ಸಹಕಾರ ಸಂಘದ ನಡಾವಳಿ, ಶಾಲೆಯ ಪತ್ರ ವ್ಯವಹಾರ. ಇವನ್ನೆಲ್ಲ ಟೈಪ್ ಮಾಡುವವರು ದಿನವಿಡೀ ನೋಡುವ ಪರದೆಯಲ್ಲಿ ಬಟನ್‌ಗಳು ನೂರಾರು, ನಿಜಕ್ಕೂ ಬಳಸುವವು ಹತ್ತು ಹನ್ನೆರಡು. ಬೇಡದ್ದನ್ನು ಅಡಗಿಸಿ ಬೇಕಾದ್ದನ್ನು ಮುಂದಕ್ಕೆ ತರಲು ಪ್ರೋಗ್ರಾಮರ್ ಬೇಕಿಲ್ಲ, ಹಣವೂ ಬೇಕಿಲ್ಲ.

ದೊಡ್ಡ ಕಂಪನಿಗಳಿಗೂ ಇದೇ ಸಮಸ್ಯೆ ಎದುರಾಗಿತ್ತು. ಮೈಕ್ರೋಸಾಫ್ಟ್ ವರ್ಡ್ 2003ರ ಹೊತ್ತಿಗೆ ಅದರಲ್ಲಿ ಮೂವತ್ತೊಂದು ಟೂಲ್‌ಬಾರ್‌ಗಳು ಸೇರಿಕೊಂಡಿದ್ದವು. ಬಳಕೆದಾರರು ಏನನ್ನು ಒತ್ತುತ್ತಾರೆಂದು ಕಂಪನಿ ಲೆಕ್ಕ ಹಾಕಿದಾಗ ಪೇಸ್ಟ್, ಸೇವ್, ಕಾಪಿ, ಅನ್‌ಡು, ಬೋಲ್ಡ್ ಎಂಬ ಐದೇ ಆದೇಶಗಳು ಒಟ್ಟು ಬಳಕೆಯ ಮೂರನೇ ಒಂದು ಭಾಗದಷ್ಟಿದ್ದವು. ಆಫೀಸ್ 2007ರಲ್ಲಿ ಬಂದ, ಬಟನ್‌ಗಳನ್ನು ಟ್ಯಾಬ್‌ಗಳಲ್ಲಿ ಜೋಡಿಸುವ ರಿಬ್ಬನ್ ಇಂಥ ಲೆಕ್ಕದ ಮೇಲೆ ರೂಪುಗೊಂಡದ್ದು. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಬೇರೆ ದಾರಿ ಹಿಡಿಯಿತು. ಒಂದೇ ವಿನ್ಯಾಸವನ್ನು ಎಲ್ಲರ ಮೇಲೆ ಹೇರದೆ ಹಲವು ವಿನ್ಯಾಸಗಳನ್ನು ಮುಂದಿಟ್ಟು ಆಯ್ಕೆಯನ್ನು ಬಳಸುವವರಿಗೇ ಬಿಟ್ಟಿತು. ಸಣ್ಣ ಕಚೇರಿಗೆ ಇದೇ ಸರಿಯಾದ ನೀತಿ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಇಲ್ಲಿನ ವಿವರಣೆ ಮುಖ್ಯವಾಗಿ ಲಿಬ್ರೆಆಫೀಸ್‌ನ ಬರವಣಿಗೆ ತಂತ್ರಾಂಶವಾದ ರೈಟರ್ ಕುರಿತು.

ಮೊದಲು ಪಟ್ಟಿ ಮಾಡಿ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಒಂದು ವಾರ ಕೆಲಸದ ನಡುವೆ ಯಾವ ಬಟನ್ ಒತ್ತಿದಿರಿ, ಯಾವುದನ್ನು ಹುಡುಕಿ ಸುಸ್ತಾದಿರಿ ಎಂದು ಗುರುತು ಹಾಕುತ್ತ ಬನ್ನಿ. ಪಟ್ಟಿಯನ್ನು ಟೈಪ್ ಮಾಡುವವರೇ ಮಾಡಬೇಕು, ಮೇಲಧಿಕಾರಿಯಲ್ಲ. ಕೋಷ್ಟಕ, ಪಿಡಿಎಫ್, ಪುಟ ಸಂಖ್ಯೆ, ಪ್ರಿಂಟ್ ಪ್ರಿವ್ಯೂ ಬಹುತೇಕ ಎಲ್ಲರ ಪಟ್ಟಿಯಲ್ಲೂ ಬರುತ್ತವೆ. ಉಳಿದದ್ದು ಕಚೇರಿಯಿಂದ ಕಚೇರಿಗೆ ಬೇರೆ.

ವಿನ್ಯಾಸ ಆರಿಸಿ

ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ತೆರೆಯಿರಿ. 2019ರ 6.2 ಆವೃತ್ತಿಯಿಂದ ಟ್ಯಾಬ್ಡ್ ವಿನ್ಯಾಸ ಅಧಿಕೃತವಾಗಿ ಸಿಗುತ್ತಿದೆ. ವರ್ಡ್ ಬಳಸಿ ಕೈ ಪಳಗಿದವರಿಗೆ ಇದು ಹಿಡಿಸುತ್ತದೆ. ಆದರೆ ಇದರಲ್ಲಿ ಬಟನ್ ಅಡಗಿಸುವುದು ಸುಲಭ, ಹೊಸದನ್ನು ಸೇರಿಸುವುದು ಹಳೆಯ ಟೂಲ್‌ಬಾರ್‌ನಷ್ಟು ಸಲೀಸಲ್ಲ. ನಿಮ್ಮದೇ ಬಟನ್‌ಗಳನ್ನು ಜೋಡಿಸಬೇಕೆಂದಿದ್ದರೆ ಸ್ಟ್ಯಾಂಡರ್ಡ್ ಟೂಲ್‌ಬಾರ್ ಆರಿಸಿ. ಹಳೆಯ ಸಣ್ಣ ಮಾನಿಟರ್‌ಗೆ ಸಿಂಗಲ್ ಟೂಲ್‌ಬಾರ್ ವಾಸಿ, ಅಕ್ಷರಕ್ಕೆ ಹೆಚ್ಚು ಜಾಗ ಉಳಿಯುತ್ತದೆ. ಕಣ್ಣಿನ ತೊಂದರೆ ಇರುವವರು ಟೂಲ್ಸ್, ಆಪ್ಷನ್ಸ್ ಮೂಲಕ ವ್ಯೂ ಪುಟಕ್ಕೆ ಹೋಗಿ ಐಕಾನ್ ಗಾತ್ರವನ್ನು ದೊಡ್ಡದು ಮಾಡಿಕೊಳ್ಳಲಿ.

ಮೆನುಗಳು ಕನ್ನಡದಲ್ಲೂ ಬರುತ್ತವೆ. ಅನುಸ್ಥಾಪಿಸುವಾಗ ಕಸ್ಟಮ್ ಆಯ್ಕೆಯಲ್ಲಿ ಕನ್ನಡವನ್ನು ಸೇರಿಸಿಕೊಂಡಿರಬೇಕು. ಆಮೇಲೆ ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಯೂಸರ್ ಇಂಟರ್‌ಫೇಸ್ ಎಂಬಲ್ಲಿ ಕನ್ನಡ ಆರಿಸಿ ತಂತ್ರಾಂಶವನ್ನು ಮುಚ್ಚಿ ತೆರೆದರೆ ಆಯಿತು. ಕೆಲವು ಕಡೆ ಇಂಗ್ಲಿಷ್ ಉಳಿದುಕೊಂಡಿರುತ್ತದೆ.

ಕನ್ನಡ ಅಕ್ಷರದ ಗೊಂದಲ

ಇಲ್ಲಿ ಸ್ವಲ್ಪ ನಿಲ್ಲಬೇಕು, ನಮ್ಮ ಕಚೇರಿಗಳಲ್ಲಿ ಅತಿ ಹೆಚ್ಚು ಹೊತ್ತು ಹಾಳಾಗುವುದು ಇಲ್ಲೇ. ಕನ್ನಡ ಪದವನ್ನು ಆಯ್ದು ಫಾಂಟ್ ಬದಲಿಸುತ್ತೀರಿ, ಅಕ್ಷರ ಅಲ್ಲಾಡುವುದಿಲ್ಲ. ಗಾತ್ರ ಬದಲಿಸಿದರೂ ಅಷ್ಟೇ. ಕಾರಣ ಇಷ್ಟು: ಲಿಬ್ರೆಆಫೀಸ್ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಎರಡು ಲೆಕ್ಕ ಇಟ್ಟಿರುತ್ತದೆ. ಯೂನಿಕೋಡ್ ಕನ್ನಡ ಎರಡನೆಯ ಲೆಕ್ಕಕ್ಕೆ ಸೇರುತ್ತದೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ನೋಡಲು ಕನ್ನಡವೇ ಆದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಆದ್ದರಿಂದ ಅದು ಮೊದಲನೆಯ ಲೆಕ್ಕಕ್ಕೆ ಹೋಗುತ್ತದೆ. ಒಂದೇ ಪತ್ರದಲ್ಲಿ ಎರಡೂ ಬೆರೆತರೆ ಗೋಜಲು ಗ್ಯಾರಂಟಿ.

ಪರಿಹಾರ ಹೀಗೆ. ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಗುರುತು ಹಾಕಿ ಕನ್ನಡ ಆರಿಸಿ. ಬಳಿಕ ರೈಟರ್ ವಿಭಾಗದಲ್ಲಿ ಬೇಸಿಕ್ ಫಾಂಟ್ಸ್, ಸಿಟಿಎಲ್ ಎಂಬ ಪುಟ ತೆರೆದು ನೋಟೋ ಸಾನ್ಸ್ ಕನ್ನಡ, ತುಂಗಾ ಅಥವಾ ನಿಮ್ಮಲ್ಲಿರುವ ಬೇರೆ ಯೂನಿಕೋಡ್ ಫಾಂಟನ್ನು ಗಾತ್ರ ಸಮೇತ ನಿಗದಿ ಮಾಡಿ. ಹೊಸ ಕಡತಗಳನ್ನು ಯೂನಿಕೋಡ್‌ನಲ್ಲೇ ತಯಾರಿಸಿ. ಹಳೆಯ ನುಡಿ ಕಡತದಿಂದ ತುಂಡು ತೆಗೆದು ಅಂಟಿಸಬೇಕಾದರೆ ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಂಡು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಅದೇ ಭಾಷಾ ಪುಟದಲ್ಲಿ ಲೊಕೇಲ್ ಕೂಡ ಭಾರತದ್ದಾಗಿರಲಿ, ಇಲ್ಲವಾದರೆ ದಿನಾಂಕದಲ್ಲಿ ತಿಂಗಳು ಮುಂದೆ ಬರುತ್ತದೆ, ರೂಪಾಯಿಯ ಜಾಗದಲ್ಲಿ ಡಾಲರ್ ಕೂರುತ್ತದೆ. ಕೂಲಿ ಲೆಕ್ಕದ ಹಾಳೆಯಲ್ಲಿ ಲಕ್ಷ, ಕೋಟಿಯ ಅಲ್ಪವಿರಾಮ ಬೇಕಿದ್ದರೆ ಲಿಬ್ರೆಆಫೀಸ್‌ನ ಲೆಕ್ಕದ ತಂತ್ರಾಂಶವಾದ ಕ್ಯಾಲ್ಕ್‌ನಲ್ಲಿ ಆ ಕೋಶಗಳ ಫಾರ್ಮ್ಯಾಟ್ ಕೋಡ್ #,##,##0 ಎಂದು ಬರೆಯಿರಿ.

ನಿಮ್ಮದೇ ಟೂಲ್‌ಬಾರ್

ಈಗ ವಾರದ ಪಟ್ಟಿಯನ್ನು ಹೊರತೆಗೆಯಿರಿ. ಟೂಲ್‌ಬಾರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ವಿಸಿಬಲ್ ಬಟನ್ಸ್‌ನಲ್ಲಿ ಬೇಡದವುಗಳ ಗುರುತು ತೆಗೆಯಿರಿ. ನಂತರ ಟೂಲ್ಸ್, ಕಸ್ಟಮೈಸ್, ಟೂಲ್‌ಬಾರ್ಸ್ ಎಂಬಲ್ಲಿಗೆ ಹೋಗಿ ಹೊಸ ಟೂಲ್‌ಬಾರ್ ಸೃಷ್ಟಿಸಿ ಪಟ್ಟಿಯ ಆದೇಶಗಳನ್ನು ಸೇರಿಸಿ. ಮಾಡಿಫೈ, ರೀನೇಮ್ ಮೂಲಕ ಬಟನ್‌ಗಳಿಗೆ ನಿಮ್ಮ ಮಾತಿನ ಹೆಸರನ್ನೇ ಇಡಬಹುದು: ಕೋಷ್ಟಕ, ಲಕೋಟೆ, ಪುಟ ಸಂಖ್ಯೆ. ಇಂಗ್ಲಿಷ್ ಓದಲು ತಡವರಿಸುವ ಹೊಸ ಸಿಬ್ಬಂದಿಗೆ ಇದರಿಂದ ಆಗುವ ಉಪಕಾರ ಸಣ್ಣದಲ್ಲ.

ಅದೇ ಕಿಟಕಿಯಲ್ಲಿ ಸ್ಕೋಪ್ ಎಂಬ ಆಯ್ಕೆ ಇದೆ. ರೈಟರ್ ಎಂದು ಆರಿಸಿದರೆ ಟೂಲ್‌ಬಾರ್ ಆ ಕಂಪ್ಯೂಟರಿನ ಎಲ್ಲ ಕಡತಗಳಿಗೂ ಬರುತ್ತದೆ. ತೆರೆದಿರುವ ಕಡತದ ಹೆಸರನ್ನು ಆರಿಸಿದರೆ ಅದು ಆ ಕಡತದೊಳಗೇ ಉಳಿದು ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಪತ್ರದ ನಮೂನೆಯೊಂದನ್ನು ತಯಾರಿಸಿ, ಅದರಲ್ಲಿ ಟೂಲ್‌ಬಾರ್ ಇಟ್ಟು, ಫೈಲ್, ಟೆಂಪ್ಲೇಟ್ಸ್ ಮೂಲಕ ಟೆಂಪ್ಲೇಟ್ ಆಗಿ ಉಳಿಸಿ.

ಪದೇ ಪದೇ ಬರೆಯುವ ಒಕ್ಕಣೆಗೆ ಆಟೋಟೆಕ್ಸ್ಟ್ ಇದೆ. ಒಕ್ಕಣೆಯನ್ನು ಆಯ್ದು ಕಂಟ್ರೋಲ್ ಮತ್ತು ಎಫ್3 ಒತ್ತಿ ಚಿಕ್ಕ ಹೆಸರು ಕೊಡಿ. ಮುಂದೆ ಆ ಹೆಸರು ಟೈಪ್ ಮಾಡಿ ಎಫ್3 ಒತ್ತಿದರೆ ಪೂರ್ತಿ ಒಕ್ಕಣೆ ಬಂದುಬಿಡುತ್ತದೆ. ಯಾವುದಾದರೂ ಆದೇಶ ಸಿಗದಿದ್ದರೆ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಹುಡುಕಬಹುದು, ಇದು 7.2 ಮತ್ತು ನಂತರದ ಆವೃತ್ತಿಗಳಲ್ಲಿದೆ.

ಉಳಿದ ಕಂಪ್ಯೂಟರ್‌ಗಳಿಗೆ

ವಿಂಡೋಸ್‌ನಲ್ಲಿ ನಿಮ್ಮ ಜೋಡಣೆಯೆಲ್ಲ ಆಪ್‌ಡೇಟಾ, ರೋಮಿಂಗ್, ಲಿಬ್ರೆಆಫೀಸ್, 4, ಯೂಸರ್ ಎಂಬ ಹಾದಿಯ ಫೋಲ್ಡರಿನಲ್ಲಿ ಕೂತಿರುತ್ತದೆ. ಆವೃತ್ತಿ ಎಷ್ಟೇ ಹೊಸದಾದರೂ ಹಾದಿಯಲ್ಲಿ 4 ಎಂದೇ ಇರುತ್ತದೆ, ಗಾಬರಿ ಬೇಡ. ತಂತ್ರಾಂಶವನ್ನು ಮುಚ್ಚಿ ಯೂಸರ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಅದೇ ಆವೃತ್ತಿ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ. ಅಲ್ಲಿನ ಹಳೆಯ ಫೋಲ್ಡರನ್ನು ಅಳಿಸದೆ ಹೆಸರು ಬದಲಿಸಿ ಇಟ್ಟಿರಿ. ಮೈಕ್ರೋಸಾಫ್ಟ್ ಆಫೀಸ್ ಬಳಸುವವರಿಗೆ ಹಾದಿ ಇನ್ನೂ ಚಿಕ್ಕದು: 2010ರ ಆವೃತ್ತಿಯಿಂದ ರಿಬ್ಬನ್ ಮೇಲೆ ಬಲಗುಂಡಿ ಒತ್ತಿ ಕಸ್ಟಮೈಸ್ ದ ರಿಬ್ಬನ್ ಆರಿಸಬಹುದು, ಅಲ್ಲೇ ಎಕ್ಸ್‌ಪೋರ್ಟ್ ಕೂಡ ಇದೆ.

ಜೋಡಣೆ ಎಡವಟ್ಟಾದರೆ ಹೆಲ್ಪ್ ಮೆನುವಿನ ರೀಸ್ಟಾರ್ಟ್ ಇನ್ ಸೇಫ್ ಮೋಡ್ ಬಳಸಿ ಮೊದಲಿನ ಸ್ಥಿತಿಗೆ ತರಬಹುದು. ಸರ್ಕಾರಿ ಕಂಪ್ಯೂಟರ್ ಆದರೆ ಕೈ ಹಾಕುವ ಮೊದಲು ಸಂಬಂಧಪಟ್ಟವರ ಅನುಮತಿ ಪಡೆಯಿರಿ. ಎಲ್ಲ ಮುಗಿದ ಮೇಲೆ ಆ ಯಂತ್ರವನ್ನು ನೋಡಿಯೇ ಇರದ ಸಹೋದ್ಯೋಗಿಯೊಬ್ಬರನ್ನು ಕೂರಿಸಿ ಒಂದು ಪತ್ರ ತಯಾರಿಸಲು ಹೇಳಿ, ನೀವು ಬಾಯಿ ಬಿಡಬೇಡಿ. ಅವರು ತಡೆದು ನಿಂತ ಜಾಗವೇ ಮುಂದೆ ಸರಿಪಡಿಸಬೇಕಾದ ಜಾಗ.

ಮೆನುಗಳಲ್ಲಿ ಉಳಿದಿರುವ ಇಂಗ್ಲಿಷ್ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಕನ್ನಡಕ್ಕೆ ತರುವ ಅವಕಾಶವೂ ನಿಮಗಿದೆ. ಡಾಕ್ಯುಮೆಂಟ್ ಫೌಂಡೇಶನ್ ಸಂಸ್ಥೆ ನಡೆಸುವ ವೆಬ್‌ಲೇಟ್ ತಾಣದಲ್ಲಿ ಸ್ವಯಂಸೇವಕರು ಅನುವಾದ ಸೂಚಿಸಬಹುದು. ಕಡತ, ಟಿಪ್ಪಣಿ, ಷರಾಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ರಾಯಚೂರು ಜಿಲ್ಲೆಯ ಗುಮಾಸ್ತರು, ಡಿಟಿಪಿ ಅಂಗಡಿಯವರು, ಶಿಕ್ಷಕರು ದಯವಿಟ್ಟು ಇದರಲ್ಲಿ ಕೈ ಜೋಡಿಸಿ.