ಹುಣ್ಣಿಮೆಯ ಸಂಜೆ ಮರಳಲ್ಲಿ ಹೂತ ಕಾರು

ಕರಾವಳಿಗೆ ಹೊರಡುವ ಬಯಲುಸೀಮೆಯವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಎಂದು. ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸಹ್ಯಾದ್ರಿ, ನಡುವೆ ನಾಲ್ಕು ಪಥದ ರಸ್ತೆ. ಒಂದೆರಡು ದಿನಕ್ಕೆ ಮುಗಿಯುವ ದಾರಿ ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಹಾಗೆ ಅನ್ನಿಸಿದ್ದು ಭಾವನಿಗೆ. ಬೆಳಿಗ್ಗೆ ಮಲ್ಪೆ, ಮಧ್ಯಾಹ್ನ ಮರವಂತೆ, ಸಂಜೆ ಸೂರ್ಯಾಸ್ತ, ರಾತ್ರಿ ಮುರುಡೇಶ್ವರ, ಮರುದಿನ ಮಿರ್ಜಾನ್ ಕೋಟೆ, ಗೋಕರ್ಣ, ಕಾರವಾರ ಎಂದು ಅವರು ಪಟ್ಟಿ ಮಾಡಿ, ಪ್ರತಿ ಊರಿನ ಮುಂದೆ ಗಂಟೆ ನಿಮಿಷ ಬರೆದು, ಪ್ರಿಂಟ್ ತೆಗೆದು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಟೋಲ್‌ಗೇಟ್ ಇತ್ತು, ತಿಂಡಿ ತಿನ್ನುವ ಹೋಟೆಲ್ ಇತ್ತು, ಅಪ್ಪ ಇನ್ಸುಲಿನ್ ತೆಗೆದುಕೊಳ್ಳುವ ಹೊತ್ತೂ ಇತ್ತು. ಕಡಲು ಏರುವ ಹೊತ್ತು, ಇಳಿಯುವ ಹೊತ್ತು ಮಾತ್ರ ಎಲ್ಲೂ ಇರಲಿಲ್ಲ.

ಈ ಹೆದ್ದಾರಿಯಲ್ಲಿ ವಾಹನ ಓಡಿಸುವವರಿಗೆ ಲೆಕ್ಕ ಬೇಕಾದದ್ದು ನೀರಿನದು. ಮಂಗಳೂರು ಬಿಟ್ಟ ಕೂಡಲೇ ಕೂಳೂರಿನಲ್ಲಿ ಗುರುಪುರ ನದಿ. ಆಮೇಲೆ ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಕುಂದಾಪುರದ ಬಳಿ ಐದು ನದಿಗಳು ಕೂಡುವ ಪಂಚಗಂಗಾವಳಿ. ಹೊನ್ನಾವರದಲ್ಲಿ ಶರಾವತಿ, ಕುಮಟಾ ದಾಟಿದರೆ ಅಘನಾಶಿನಿ, ಅಂಕೋಲೆಯ ಕಡೆ ಗಂಗಾವಳಿ, ಕೊನೆಗೆ ಕಾಳಿ. ಘಟ್ಟದಲ್ಲಿ ಮಳೆ ಸುರಿದರೆ ಇವೆಲ್ಲ ಒಟ್ಟಿಗೆ ತುಂಬುತ್ತವೆ. ಮರವಂತೆಯಲ್ಲಂತೂ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಆ ಜಾಗದಲ್ಲಿ ಕಡಲ್ಕೊರೆತಕ್ಕೆ ತಡೆಯಾಗಿ ಕಲ್ಲುಗಳನ್ನು ಸುರಿದಿದ್ದಾರೆ. ರಸ್ತೆಯನ್ನು ಕಾಯುತ್ತಿರುವುದು ಅವೇ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದ ಅಂಗಡಿ, ಅಲ್ಲಿ ನಿಂತಿದ್ದ ವಾಹನ, ಅದರೊಳಗಿದ್ದ ಜನ ಮಣ್ಣಿನ ಜೊತೆ ಗಂಗಾವಳಿಗೆ ಹೋದರು. ಕೇರಳದ ಲಾರಿಯೊಂದನ್ನು, ಅದರ ಚಾಲಕನ ದೇಹವನ್ನು ನದಿಯ ತಳದಿಂದ ಮೇಲೆತ್ತಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಶಿರೂರಿನ ಮಣ್ಣು ತೆಗೆಯುವುದು ಮುಗಿಯುವ ಮೊದಲೇ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮೇಲೆ ಹೋಗುತ್ತಿದ್ದ ಲಾರಿ ನದಿಗೆ ಬಿದ್ದರೂ ಅದರ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಜೀವಸಹಿತ ದಡಕ್ಕೆ ತಂದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು ಮುದುಕರನ್ನು ಕರೆದುಕೊಂಡು ಈ ದಾರಿಯಲ್ಲಿ ಹೋಗಬೇಡಿ ಎಂದು ಅಲ್ಲಿಯ ನೆಂಟರು ಹೇಳುತ್ತಾರೆ. ಅದು ಅವರು ಕಣ್ಣಾರೆ ಕಂಡು ಹೇಳುವ ಮಾತು.

ಹಾಗಾಗಿ ನಮ್ಮವರು ಆರಿಸಿದ್ದು ಡಿಸೆಂಬರ್. ಆ ಆಯ್ಕೆ ಸರಿಯಾಗಿಯೇ ಇತ್ತು. ಮಳೆ ನಿಂತಿರುತ್ತದೆ, ಘಟ್ಟದ ರಸ್ತೆ ತೆರೆದಿರುತ್ತದೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಓಡುತ್ತಿರುತ್ತದೆ. ಮಳೆಗಾಲದಲ್ಲಿ ಈ ದೋಣಿ ಪೂರ್ತಿ ಬಂದ್. ಲಾವಾ ತಣ್ಣಗಾಗುವಾಗ ಸೀಳಿ ಕಂಬಗಳಂತೆ ನಿಂತ ಅಲ್ಲಿನ ಕಲ್ಲುಗಳಿಗೆ ಎಂಟು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಮಕ್ಕಳು ಅವುಗಳ ಮೂಲೆಗಳನ್ನು ಬೆರಳಿನಲ್ಲಿ ಎಣಿಸುತ್ತ ಒಂದು ಕಂಬಕ್ಕೆ ಆರು, ಇನ್ನೊಂದಕ್ಕೆ ಐದು ಎಂದು ಕೂಗುತ್ತಿದ್ದರೆ, ಭಾವ ಕೈಗಡಿಯಾರ ನೋಡುತ್ತ ನಿಂತಿದ್ದರು. ಹಾಳೆಯ ಪ್ರಕಾರ ಆ ಹೊತ್ತಿಗೆ ಕುಂದಾಪುರದಲ್ಲಿ ಇರಬೇಕಿತ್ತು.

ಅಂದು ಹೊಸ್ತಿಲ ಹುಣ್ಣಿಮೆ. ಪಶ್ಚಿಮದಲ್ಲಿ ಸೂರ್ಯ ಕಡಲಿಗೆ ಇಳಿಯುವಾಗ ಪೂರ್ವದಲ್ಲಿ ಘಟ್ಟದ ಮೇಲೆ ಚಂದ್ರ ಏರುವುದನ್ನು ಒಂದೇ ಜಾಗದಲ್ಲಿ ನಿಂತು ನೋಡಬೇಕು ಎಂಬುದು ಭಾವನ ಆಸೆ. ಒಳ್ಳೆಯ ಆಸೆಯೇ. ಕುಂದಾಪುರದಿಂದ ಉತ್ತರಕ್ಕೆ ಹೋಗಿ, ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಒಂದು ಕಡಲತೀರಕ್ಕೆ ತಲುಪಿದಾಗ ಐದು ಗಂಟೆ ದಾಟಿತ್ತು. ಪಾರ್ಕಿಂಗ್ ಚೀಟಿ ಹರಿಯುತ್ತಿದ್ದವನು ದುಡ್ಡು ಎಣಿಸಿಕೊಂಡು, "ಸೀದಾ ಕೆಳಗೆ ಇಳಿಸಿ ಸಾರ್, ಎಲ್ಲರೂ ಹೋಗ್ತಾರೆ" ಎಂದ. ಮರಳಿನ ಮೇಲೆ ಚಕ್ರದ ಗುರುತುಗಳೂ ಇದ್ದವು. ಅವು ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಜೀಪಿನವು ಎಂದು ಆಮೇಲೆ ಊರಿನವರು ಹೇಳಿದರು. ನಮ್ಮದು ಏಳು ಜನ ಕೂರುವ, ಮುಂದಿನ ಚಕ್ರ ಮಾತ್ರ ಎಳೆಯುವ ಸಾಧಾರಣ ಕಾರು. ಅಕ್ಕ, "ರೀ, ಬೇಡ, ಇಲ್ಲೇ ನಿಲ್ಲಿಸಿ, ನಡೆದು ಹೋಗೋಣ" ಎಂದಳು. ಅಪ್ಪನಿಗೆ ಎರಡೂ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಮರಳಿನಲ್ಲಿ ನಡೆಯಲಾರರು, ಅವರು ಕೂತಲ್ಲಿಂದಲೇ ನೋಡಲಿ ಎಂಬುದು ಭಾವನ ಉತ್ತರ. ಕಾರು ಕೆಳಗೆ ಇಳಿಯಿತು.

ಹುಣ್ಣಿಮೆಯ ಸಂಜೆ ನಮ್ಮ ಕರಾವಳಿಯಲ್ಲಿ ಸಮುದ್ರ ಬಹಳ ದೂರ ಹಿಂದಕ್ಕೆ ಸರಿದಿರುತ್ತದೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಆ ದಿನಗಳಲ್ಲಿ ಇಲ್ಲಿ ಇಳಿತ ಬರುವುದು ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ, ಉಬ್ಬರ ನಡುರಾತ್ರಿಯ ಸುಮಾರಿಗೆ. ಸಂಜೆ ಬಂದವರಿಗೆ ಅಗಲವಾದ, ಗಟ್ಟಿಯಾದ, ಒದ್ದೆ ಮರಳಿನ ಬಯಲು ಕಾಣುತ್ತದೆ. ಅದು ಗಂಟೆಗಳ ಹಿಂದೆ ಸಮುದ್ರದ ತಳವಾಗಿತ್ತು, ಇನ್ನು ಕೆಲವು ಗಂಟೆಗಳಲ್ಲಿ ಮತ್ತೆ ತಳವಾಗುತ್ತದೆ. ನೀರು ಏರುವ ಆರು ಗಂಟೆಗಳಲ್ಲಿ ಮೊದಲ ಗಂಟೆ ಏರಿದ್ದೇ ತಿಳಿಯುವುದಿಲ್ಲ. ಮೂರನೇ, ನಾಲ್ಕನೇ ಗಂಟೆಯಲ್ಲಿ ಏರಿಕೆ ಅತಿ ವೇಗ.

ಚಂದ್ರ ಚೆನ್ನಾಗಿಯೇ ಮೂಡಿದ. ಫೋಟೊ ಆಯಿತು, ಚುರುಮುರಿ ಆಯಿತು. ಹೊರಡೋಣ ಎಂದು ಭಾವ ಕಾರು ಚಾಲೂ ಮಾಡಿದರು. ಮುಂದಿನ ಚಕ್ರ ಒಂದು ಸುತ್ತು ತಿರುಗಿ ಕುಸಿಯಿತು. ಅವರು ಎಕ್ಸಿಲರೇಟರ್ ಒತ್ತಿದರು. ಚಕ್ರ ಗಿರಗಿರನೆ ತಿರುಗಿ, ಮರಳನ್ನು ಹಿಂದಕ್ಕೆ ಎಸೆದು, ತನಗೆ ತಾನೇ ಗುಂಡಿ ತೋಡಿಕೊಂಡಿತು. ಮತ್ತೆ ಒತ್ತಿದರು. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಕಾರಿನ ಹೊಟ್ಟೆ ಮರಳಿಗೆ ಕೂತ ಸದ್ದು ಸೀಟಿನ ಕೆಳಗೆ ಕೇಳಿಸಿತು. ನೀರು ತುಂಬಿದ ಮರಳು ಅಲುಗಾಡಿದರೆ ಅದರ ಕಣಗಳ ನಡುವಿನ ಹಿಡಿತ ತಪ್ಪುತ್ತದೆ. ಚಕ್ರ ತಿರುಗಿದಷ್ಟೂ ಕೆಳಗಿನ ನೆಲ ರಾಡಿಯಾಗುತ್ತದೆ. ಇಳಿದು ತಳ್ಳೋಣ ಎಂದರೆ ಭಾವ ಕೇಳಲಿಲ್ಲ. "ಭಾರ ಇದ್ದರೆ ಹಿಡಿತ ಸಿಗುತ್ತೆ, ಎಲ್ಲರೂ ಕೂತಿರಿ" ಎಂದು ಗದರಿದರು.

ಮೊದಲ ಅಲೆ ಹಿಂದಿನ ಚಕ್ರಕ್ಕೆ ಬಂದು ಮುಟ್ಟಿದ್ದು ಆಗ.

ಅದು ದೊಡ್ಡ ಅಲೆಯೇನಲ್ಲ. ಪಾದ ಒದ್ದೆಯಾಗುವಷ್ಟು ನೀರು. ಆದರೆ ಅದು ಹಿಂದಕ್ಕೆ ಹೋಗುವಾಗ ಚಕ್ರದ ಕೆಳಗಿನ ಮರಳನ್ನೂ ಕೊಂಡೊಯ್ದು, ಕಾರು ಸಮುದ್ರದ ಕಡೆಗೆ ವಾಲಿತು. ಎರಡನೆಯದು, ಮೂರನೆಯದು ಬಂದವು. ವಾಲಿದ ಬದಿಯಲ್ಲೇ ಅಪ್ಪ ಕೂತಿದ್ದರು. ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಕೆಳಗಿನ ಅಂಚು ಮರಳಿಗೆ ಕಚ್ಚಿಕೊಂಡಿತು. ಆ ಸಂದಿಯಿಂದ ಉಪ್ಪುನೀರು ಒಳಗೆ ಬಂದು ಅವರ ಚಪ್ಪಲಿ ತೇಲಿತು. ಅವರು ಒಂದು ಮಾತೂ ಆಡಲಿಲ್ಲ. ಕೈಚೀಲವನ್ನು, ಅದರೊಳಗಿನ ಇನ್ಸುಲಿನ್ ಡಬ್ಬಿಯನ್ನು ಎದೆಯ ಎತ್ತರಕ್ಕೆ ಎತ್ತಿ ಹಿಡಿದುಕೊಂಡರು. ಹಿಂದಿನ ಸೀಟಿನಲ್ಲಿ ಅಕ್ಕನ ಚಿಕ್ಕ ಮಗಳು ಅಳಲು ಶುರು ಮಾಡಿದಳು. ಅಮ್ಮ ಸೀಟ್‌ಬೆಲ್ಟಿನ ಗುಂಡಿ ಹುಡುಕುತ್ತ ಹುಡುಕುತ್ತ ಮಂಜುನಾಥನನ್ನು ಕರೆಯುತ್ತಿದ್ದರು. ಭಾವನ ಕಾಲು ಆಗಲೂ ಎಕ್ಸಿಲರೇಟರ್ ಮೇಲೆಯೇ ಇತ್ತು.

ಸ್ವಲ್ಪ ದೂರದಲ್ಲಿ ಕೈರಂಪಣಿಯ ಮೀನುಗಾರರು ಬಲೆ ಬಿಡಿಸುತ್ತ ಕೂತಿದ್ದರು. ದಡದಿಂದಲೇ ಉದ್ದದ ಹಗ್ಗ ಹಿಡಿದು ಹತ್ತಾರು ಜನ ಸೇರಿ ಬಲೆ ಎಳೆಯುವುದು ಅವರ ಕಸುಬು. ಅವರಲ್ಲಿ ಹಿರಿಯರೊಬ್ಬರು ಓಡಿ ಬಂದು ಬಾನೆಟ್ ಮೇಲೆ ಅಂಗೈ ಬಡಿದರು. "ಹೋಯ್, ಗಾಡಿ ಬಂದ್ ಮಾಡಿ ಮಾರ್ರೆ! ನೀರ್ ಏರ್ತಾ ಇತ್ತ್, ಕಾಣುದಿಲ್ಯಾ? ಮೊದ್ಲ್ ಅಜ್ಜಯ್ಯನ್ನ ಇಳ್ಸಿ." ಇಬ್ಬರು ಹುಡುಗರು ಡ್ರೈವರ್ ಕಡೆಯ ಬಾಗಿಲಿನಿಂದ ಅಪ್ಪನನ್ನು ಎಳೆದುಕೊಂಡು, ಕೈಗಳನ್ನು ಹೆಣೆದು ಕೂರಿಸಿ, ಒಣ ಮರಳಿನವರೆಗೆ ಹೊತ್ತೊಯ್ದರು. ಮಕ್ಕಳು, ಅಮ್ಮ, ಅಕ್ಕ ಅದೇ ದಾರಿಯಲ್ಲಿ ಇಳಿದರು.

ಆಮೇಲೆ ನಡೆದ ಕೆಲಸವನ್ನು ವಾಹನ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಆ ಹಿರಿಯರು ಮೊದಲು ನಾಲ್ಕೂ ಟೈರಿನ ಗಾಳಿ ಬಿಡಿಸಿದರು, ಅರ್ಧದಷ್ಟು. ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ ಅಗಲ ಜಾಗವನ್ನು ಹಿಡಿಯುತ್ತದೆ, ಹೂಳುವುದು ಕಡಿಮೆ. ಹುಡುಗರು ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಇಳಿಜಾರಾಗಿ ಕೆರೆದರು. ದೋಣಿಯನ್ನು ದಡಕ್ಕೆ ಎಳೆಯುವಾಗ ಅಡಿಗೆ ಹಾಕುವ ಮರದ ತುಂಡುಗಳನ್ನು ತಂದು ಚಕ್ರಕ್ಕೆ ಕೊಟ್ಟರು. ಹಗ್ಗ ಕಟ್ಟಲು ಕೊಕ್ಕೆ ಬೇಕಿತ್ತು. ಈಗಿನ ಕಾರುಗಳಲ್ಲಿ ಅದು ಡಿಕ್ಕಿಯೊಳಗೆ, ಸ್ಟೆಪ್ನಿಯ ಸಾಮಾನಿನ ಜೊತೆ ಇರುತ್ತದೆ. ಮುಂದಿನ ಬಂಪರಿನಲ್ಲಿ ಒಂದು ಚೌಕ ಮುಚ್ಚಳ ತೆಗೆದರೆ ಅದನ್ನು ತಿರುಗಿಸಿ ಕೂರಿಸುವ ತೂತು ಕಾಣುತ್ತದೆ. ಅದು ಎಲ್ಲಿದೆ ಎಂದು ಕಾರಿನ ಯಜಮಾನರಾದ ಭಾವನಿಗೆ ಗೊತ್ತಿರಲಿಲ್ಲ, ಹದಿನೆಂಟರ ಮೀನುಗಾರ ಹುಡುಗನಿಗೆ ಗೊತ್ತಿತ್ತು. ಕೈರಂಪಣಿಯ ದಪ್ಪ ಹಗ್ಗ ಬಿಗಿದು, ಸ್ಟಿಯರಿಂಗ್ ನೇರ ಹಿಡಿಸಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಬಿಡಲು ಹೇಳಿ, ಊರಿನ ಗಂಡಸರೆಲ್ಲ ಒಂದೇ ಉಸಿರಿಗೆ ಎಳೆದರು. ನೀರು ಹಿಂದಿನ ಚಕ್ರದ ಅರ್ಧಕ್ಕೆ ಬಂದಿದ್ದಾಗ ಕಾರು ಕದಲಿತು. ಒಣ ಮರಳು ಮುಟ್ಟಿದ ಮೇಲೂ ಯಾರೂ ಕೈ ಬಿಡಲಿಲ್ಲ, ರಸ್ತೆಯವರೆಗೆ ಎಳೆದು ನಿಲ್ಲಿಸಿದರು.

ಚೀಟಿ ಹರಿದವನು ಅಷ್ಟು ಹೊತ್ತೂ ಮೇಲೆಯೇ ನಿಂತು ನೋಡುತ್ತಿದ್ದ. ಆ ಕಡಲತೀರದಲ್ಲಿ ಪಾರ್ಕಿಂಗ್ ದರದ ಫಲಕ ಇದೆ. ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂಬ ಫಲಕ ಇಲ್ಲ. ದುಡ್ಡು ತೆಗೆದುಕೊಂಡು ವಾಹನವನ್ನು ಮರಳಿಗೆ ಇಳಿಸುವವರನ್ನು ಸುಮ್ಮನೆ ಬಿಟ್ಟಿರುವ ಅಧಿಕಾರಿಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದ ಮೇಲಷ್ಟೇ ಅಲ್ಲಿ ಕಡಲಿಗೆ ಇಳಿಯುವುದನ್ನು ಕೆಲಕಾಲ ನಿಲ್ಲಿಸಿದರು. ಸಮುದ್ರವನ್ನೇ ಕಾಣದ ಊರಿನ ಮಕ್ಕಳಿಗೆ ಅಲೆಯ ಹಿಂಸೆಳೆತ ಹೇಗಿರುತ್ತದೆ ಎಂದು ಯಾರು ಹೇಳಬೇಕಿತ್ತು? ದಡದಲ್ಲಿ ಫಲಕ ಹಾಕಲು, ಸೀಟಿ ಊದುವ ಇಬ್ಬರನ್ನು ನಿಲ್ಲಿಸಲು ಸಾವು ಆಗಲೇಬೇಕೇ?

ಹೋಗುವವರಿಗೆ ಹೇಳಬೇಕಾದದ್ದು ಇಷ್ಟು. ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ, ಅಂದರೆ ಇನ್‌ಕಾಯ್ಸ್, ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಹೊರಡುವ ಬೆಳಿಗ್ಗೆ ಅದನ್ನು ನೋಡಿ. ಫೋನ್ ನೋಡಲು ಬೇಸರವಾದರೆ ದಡದಲ್ಲಿ ಬಲೆ ಹೆಣೆಯುವವರನ್ನು ಕೇಳಿ, ನಿಖರವಾಗಿ ಹೇಳುತ್ತಾರೆ. ಕಾರು ಡಾಂಬರಿನ ಮೇಲೆಯೇ ಇರಲಿ. ನಡೆಯಲಾಗದ ಹಿರಿಯರಿದ್ದರೆ ಮರವಂತೆಯಂತೆ ರಸ್ತೆಯಿಂದಲೇ ಕಡಲು ಕಾಣುವ ಜಾಗ ಆರಿಸಿಕೊಳ್ಳಿ. ಈಜಲೇಬೇಕೆಂದರೆ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಇವೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರಗಳು ಇವು, ಆ ಮಾನ್ಯತೆಗೆ ಜೀವರಕ್ಷಕರು ಇರಬೇಕೆಂಬುದೂ ಒಂದು ಷರತ್ತು. ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಈಜಬಾರದು. ದಡದ ಉದ್ದಕ್ಕೆ ಸಮಾನಾಂತರವಾಗಿ ಈಜಿ ಸೆಳೆತ ದಾಟಿದ ಮೇಲೆ ತಿರುಗಬೇಕು. ಉಪ್ಪುನೀರು ತಾಗಿದ ಕಾರಿನ ತಳವನ್ನು ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆಸಿ. ಎಂಜಿನ್‌ಗೆ ನೀರು ಹೋಗಿರಬಹುದು ಅನ್ನಿಸಿದರೆ ಚಾಲೂ ಮಾಡಬೇಡಿ.

ಭಾವ ಇವತ್ತಿಗೂ ಚೀಟಿಯವನದೇ ತಪ್ಪು ಎನ್ನುತ್ತಾರೆ. ಅರ್ಧ ತಪ್ಪು ಅವನದು, ನಿಜ. ಇನ್ನರ್ಧ, ಅಕ್ಕ ಬೇಡ ಎಂದಾಗ ಕಾರು ನಿಲ್ಲಿಸದ ಭಾವನದೇ. ಮರುದಿನ ಗೋಕರ್ಣ, ಕಾರವಾರ ರದ್ದಾದವು. ಅಪ್ಪ ಒಂದಿಡೀ ದಿನ ಲಾಡ್ಜಿನ ವರಾಂಡದಲ್ಲಿ ಕೂತು ಕಡಲು ನೋಡಿದರು, ಇಡೀ ಪ್ರವಾಸದಲ್ಲಿ ಅವರಿಗೆ ಇಷ್ಟವಾದ ದಿನ ಅದೇ ಎಂದು ಊರಿಗೆ ಬಂದ ಮೇಲೆ ಹೇಳಿದರು. ವಯಸ್ಸಾದವರ ಜೊತೆ ಹೋಗುವವರು ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ, ಕತ್ತಲಾಗುವ ಮೊದಲು ರೂಮು ಸೇರಿ.

ಹೊರಡುವ ಮೊದಲು ಮನೆಯವರೆಲ್ಲರ ಫೋನಿನಲ್ಲೂ ಈ ಸಂಖ್ಯೆಗಳು ಇರಲಿ: ಹೆದ್ದಾರಿಯಲ್ಲಿ ವಾಹನ ಕೆಟ್ಟರೆ, ಅಪಘಾತವಾದರೆ 1033, ಸಮುದ್ರದಲ್ಲಿ ಯಾರಾದರೂ ಅಪಾಯಕ್ಕೆ ಸಿಕ್ಕರೆ ಕರಾವಳಿ ಕಾವಲು ಪೊಲೀಸರ 1093, ಬೇರೆ ಯಾವುದೇ ತುರ್ತಿಗೆ 112.