ವಿದೇಶದ ಲ್ಯಾಪ್‌ಟಾಪ್: ಬೆಲೆ ಕೊನೆಗೆ ನೋಡಿ

“ಬರುವಾಗ ಒಂದು ಲ್ಯಾಪ್‌ಟಾಪ್ ತಂದುಬಿಡು, ಅಲ್ಲಿ ಅಗ್ಗವಂತೆ.” ಪರದೇಶಕ್ಕೆ ಹೊರಟವರಿಗೆ ಮನೆಯವರೂ ಗೆಳೆಯರೂ ಹೇಳುವ ಈ ಮಾತು ಕೆಲವು ಸಲ ನಿಜ, ಹಲವು ಸಲ ಅಲ್ಲ. ಅಮೆರಿಕದ ಅಂಗಡಿಯ ಚೀಟಿಯಲ್ಲಿ ಕಂಡ ಬೆಲೆಗೂ ಆ ಯಂತ್ರ ನಮ್ಮ ಮನೆ ಸೇರುವಷ್ಟರಲ್ಲಿ ಆಗುವ ಖರ್ಚಿಗೂ ನಡುವೆ ತೆರಿಗೆ, ಕಾರ್ಡಿನ ಶುಲ್ಕ, ಕಸ್ಟಮ್ಸ್ ಎಲ್ಲ ಬಂದು ಕೂಡುತ್ತವೆ. ವಾರಂಟಿ, ಕೀಬೋರ್ಡು, ಪ್ಲಗ್ಗಿನ ತೊಡಕು ಬೇರೆ. ಇಲ್ಲಿಂದ ಓದಲು ಹೋಗುವ ಮಕ್ಕಳ ಸೂಟ್‌ಕೇಸಿನಲ್ಲೂ ಅಲ್ಲಿ ಕೆಲಸಕ್ಕೆ ಬಾರದ ಸಾಮಾನು ಸೇರಿರುತ್ತದೆ. ಆದ್ದರಿಂದ ಮೊದಲು ಉಳಿದೆಲ್ಲವನ್ನೂ ವಿಚಾರಿಸಿ. ಬೆಲೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಹೆಚ್ಚು ಕಾಲ ಬಳಸುವುದು ಎಲ್ಲಿ?

ಯಾವ ದೇಶದಲ್ಲಿ ಹೆಚ್ಚು ಕಾಲ ಬಳಸುತ್ತೀರೋ ಅಲ್ಲೇ ಕೊಳ್ಳುವುದು ಒಳ್ಳೆಯದು. ಎರಡು ವರ್ಷದ ಎಂ.ಎಸ್. ಓದಲು ಅಮೆರಿಕಕ್ಕೆ ಹೋಗುವವರು ಹೊಸದನ್ನು ಅಲ್ಲಿ ಕೊಂಡರೆ ಕೆಟ್ಟಾಗ ರಿಪೇರಿಗೆ ದಾರಿ ಹತ್ತಿರ. ಹಿಡಿಸದಿದ್ದರೆ ಹಿಂದಿರುಗಿಸಲೂ ಬಹುದು: ಬೆಸ್ಟ್ ಬೈ ಮಳಿಗೆಯಲ್ಲಿ ಸಾಮಾನ್ಯವಾಗಿ 15 ದಿನ, ಆ್ಯಪಲ್‌ನಲ್ಲಿ 14 ದಿನ ಅವಕಾಶವಿದೆ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ಮರಳಿಸುವ ಹಕ್ಕೇ ಇದೆ. ಎರಡು ವಾರದ ಪ್ರವಾಸದ ಕೊನೆಯ ದಿನ ಕೊಂಡು ಶಿವಮೊಗ್ಗಕ್ಕೆ ಬಂದ ಮೇಲೆ ಪರದೆಯಲ್ಲಿ ಗೆರೆ ಕಂಡರೆ ಈ ಅನುಕೂಲಗಳಲ್ಲಿ ಒಂದೂ ಸಿಗದು. ಪ್ರವಾಸದಲ್ಲಿ ಕೊಳ್ಳುವುದಾದರೆ ಮೊದಲ ವಾರವೇ ಕೊಂಡು, ಅಲ್ಲಿರುವಾಗಲೇ ಚೆನ್ನಾಗಿ ಬಳಸಿ ನೋಡಿ.

ಹೊಸದನ್ನು ಅಲ್ಲೇ ಕೊಳ್ಳುವ ವಿದ್ಯಾರ್ಥಿಯೂ ಬರಿಗೈಯಲ್ಲಿ ಹೋಗಬಾರದು. ಇಳಿದ ಮೊದಲ ದಿನಗಳಲ್ಲೇ ಕಾಲೇಜಿನ ನೋಂದಣಿ, ಬ್ಯಾಂಕ್ ಖಾತೆ, ಬಾಡಿಗೆ ಮನೆ ಹುಡುಕಾಟ ಎಲ್ಲಕ್ಕೂ ಯಂತ್ರ ಬೇಕು. ಹಳೆಯದು ನಡೆಯುತ್ತಿದ್ದರೆ ಅದನ್ನೇ ಒಯ್ಯಿರಿ.

ವಾರಂಟಿಯ ವಿಷಯದಲ್ಲಿ ಅಂಗಡಿಯವನ ಮಾತನ್ನು ನೆಚ್ಚಬೇಡಿ. ಆ್ಯಪಲ್‌ನ ಮ್ಯಾಕ್‌ಗಳಿಗೆ ಬೇರೆ ದೇಶದಲ್ಲಿ ಕೊಂಡಿದ್ದರೂ ಇಲ್ಲಿ ಸೇವೆ ಸಿಗುತ್ತದೆ. ಉಳಿದ ಕಂಪನಿಗಳಲ್ಲಿ ಇದು ಮಾದರಿಯಿಂದ ಮಾದರಿಗೆ ಬೇರೆ. ಕಚೇರಿ ಬಳಕೆಯ ದುಬಾರಿ ಮಾದರಿಗಳಿಗೆ ಅಂತರರಾಷ್ಟ್ರೀಯ ವಾರಂಟಿ ಇರುವುದು ಹೆಚ್ಚು, ಅಗ್ಗದ ಮಾದರಿಗಳಿಗೆ ಕಡಿಮೆ. ಕಂಪನಿಯ ಜಾಲತಾಣದ ಸಪೋರ್ಟ್ ಪುಟದಲ್ಲಿ ಮಾದರಿಯ ಪೂರ್ತಿ ಸಂಖ್ಯೆ ಹಾಕಿ ನೋಡಿ. ಆ ಮಾದರಿ ಭಾರತದಲ್ಲಿ ಮಾರಾಟಕ್ಕೇ ಇಲ್ಲದಿದ್ದರೆ, ವಾರಂಟಿ ಇದ್ದರೂ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕಾದೀತು. ಯುರೋಪಿನಲ್ಲಿ ಕಾನೂನು ಕೊಡುವ ಎರಡು ವರ್ಷದ ಖಾತರಿ ಮಾರಿದ ಅಂಗಡಿಯ ಹೊಣೆ. ಊರಿಗೆ ಬಂದ ಮೇಲೆ ಆ ಅಂಗಡಿಯನ್ನು ಹಿಡಿಯುವುದು ಕಷ್ಟ.

ಕೀಬೋರ್ಡು, ವಿಂಡೋಸ್

ನಮ್ಮ ಕೈಗೆ ರೂಢಿಯಾದದ್ದು ಅಮೆರಿಕದ ವಿನ್ಯಾಸ. ಜರ್ಮನಿಯ ಕೀಬೋರ್ಡಿನಲ್ಲಿ ವೈ, ಝಡ್ ಕೀಲಿಗಳು ಅದಲುಬದಲು. ಫ್ರಾನ್ಸಿನಲ್ಲಿ ಎ, ಕ್ಯೂ ಜಾಗ ಬದಲಿಸಿವೆ. ಜಪಾನಿನ ಯಂತ್ರದಲ್ಲಿ ಸ್ಪೇಸ್ ಬಾರ್ ಗಿಡ್ಡ, ಅದರ ಅಕ್ಕಪಕ್ಕ ನಮಗೆ ಬೇಡದ ಕೀಲಿಗಳು. ಸೆಟ್ಟಿಂಗ್ಸ್‌ನಲ್ಲಿ ವಿನ್ಯಾಸ ಬದಲಿಸಬಹುದು, ಕೀಲಿಯ ಮೇಲಿನ ಮುದ್ರೆ ಬದಲಾಗದು. ನೋಡದೆ ಟೈಪಿಸುವವರಿಗೆ ಇದು ತೊಂದರೆಯಲ್ಲ, ನೋಡಿ ಟೈಪಿಸುವವರಿಗೆ ದಿನವೂ ಕಿರಿಕಿರಿ. ಜರ್ಮನಿಗೆ ಓದಲು ಹೋಗುವವರು ಇಲ್ಲಿಂದಲೇ ಲ್ಯಾಪ್‌ಟಾಪ್ ಒಯ್ಯುವುದು ಮೇಲು ಎಂದು ನಾನು ಹೇಳುವುದಕ್ಕೆ ಇದೊಂದು ಕಾರಣ. ಅಲ್ಲಿನ ಬೆಲೆಯಲ್ಲಿ ಅಡಗಿರುವ ಶೇ 19ರ ತೆರಿಗೆ ಇನ್ನೊಂದು. ಕನ್ನಡ ಬರೆಯುವವರಿಗೆ ಯಾವ ದೇಶದ ಯಂತ್ರವಾದರೂ ಅಡ್ಡಿಯಿಲ್ಲ: ವಿಂಡೋಸ್, ಮ್ಯಾಕ್ ಎರಡರಲ್ಲೂ ಯೂನಿಕೋಡ್ ಕನ್ನಡದ ಟೈಪಿಂಗ್ ಮೊದಲೇ ಇರುತ್ತದೆ, ಚಾಲೂ ಮಾಡಿಕೊಂಡರಾಯಿತು.

ವಿಂಡೋಸ್‌ನ ಆವೃತ್ತಿಯನ್ನೂ ಓದಿ ನೋಡಿ. ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಎಂದಿದ್ದರೆ ಪರದೆಯ ಭಾಷೆ ಬದಲಿಸಲು ಬರುವುದಿಲ್ಲ. ಬರಿಯ ‘ಹೋಮ್’ ಎಂದಿದ್ದರೆ ಜಪಾನಿ ಭಾಷೆಯಲ್ಲಿ ಬಂದದ್ದನ್ನೂ ಇಂಗ್ಲಿಷಿಗೆ ತಿರುಗಿಸಬಹುದು.

ನಿಜವಾದ ಬೆಲೆ ಕೂಡಿಸುವುದು ಹೀಗೆ

ಅಮೆರಿಕದ ಅಂಗಡಿಗಳಲ್ಲಿ ತೋರಿಸುವ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಸೇರುತ್ತದೆ. ಈ ತೆರಿಗೆ ರಾಜ್ಯಕ್ಕೊಂದು, ಊರಿಗೊಂದು. ಓರೆಗಾನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ರಾಜ್ಯ ಮಾರಾಟ ತೆರಿಗೆಯೇ ಇಲ್ಲ. ಆಮೇಲೆ ಕಾರ್ಡು. ನಮ್ಮ ಬ್ಯಾಂಕುಗಳ ಸಾಮಾನ್ಯ ಕ್ರೆಡಿಟ್ ಕಾರ್ಡುಗಳು ವಿದೇಶಿ ವಹಿವಾಟಿಗೆ ಹೆಚ್ಚಾಗಿ ಶೇ 2ರಿಂದ 3.5ರಷ್ಟು ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 1,000 ಡಾಲರ್ ಎಂದು ಕಂಡ ಯಂತ್ರಕ್ಕೆ ಶೇ 8 ತೆರಿಗೆ ಸೇರಿ 1,080 ಆಯಿತು ಎನ್ನಿ. ಶೇ 3.5ರ ಕಾರ್ಡಾದರೆ ನಿಮ್ಮ ಖಾತೆಯಿಂದ ಹೋಗುವುದು ಸುಮಾರು 1,125 ಡಾಲರ್. ಭಾರತದ ಬೆಲೆಯ ಜತೆ ಹೋಲಿಸಬೇಕಾದದ್ದು ಈ ಮೊತ್ತವನ್ನು. ಇಲ್ಲಿನ ಹಬ್ಬದ ರಿಯಾಯಿತಿ, ಬ್ಯಾಂಕಿನ ಕ್ಯಾಷ್‌ಬ್ಯಾಕ್, ಬಡ್ಡಿಯಿಲ್ಲದ ಕಂತು ಇವನ್ನೂ ಎದುರಿಗಿಟ್ಟು ನೋಡಿ. ಉಳಿತಾಯ ಶೇ 10ಕ್ಕಿಂತ ಕಡಿಮೆಯಾದರೆ ಇಲ್ಲೇ ಕೊಂಡುಬಿಡಿ.

ಕಾರ್ಡ್ ಯಂತ್ರ “ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರಿನಲ್ಲಾ?” ಎಂದು ಕೇಳಿದರೆ ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ಹಾಕುತ್ತಾರೆ. ಅದು ಸಾಮಾನ್ಯವಾಗಿ ನಿಮಗೆ ನಷ್ಟವೇ. ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ. ವಿಮಾನ ಹತ್ತುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ. ಒಟಿಪಿ ಬರಬೇಕಾದ ಭಾರತದ ಸಿಮ್‌ಗೆ ರೋಮಿಂಗ್ ಚಾಲೂ ಇರಲಿ.

ತೆರಿಗೆ ವಾಪಸ್

ಪ್ರವಾಸಿಗರಿಗೆ ತೆರಿಗೆ ಹಿಂದಿರುಗಿಸುವ ದೇಶಗಳಲ್ಲಿ ಲೆಕ್ಕವೇ ಬೇರೆಯಾಗುತ್ತದೆ. ಸಿಂಗಪುರದಲ್ಲಿ ಶೇ 9 ಜಿಎಸ್‌ಟಿ. 100 ಸಿಂಗಪುರ ಡಾಲರಿಗೆ ಮೇಲಿನ ಖರೀದಿಗೆ ವಾಪಸ್ ಕೇಳಬಹುದು, ಆದರೆ ಕೊಂಡ ಎರಡು ತಿಂಗಳೊಳಗೆ ದೇಶ ಬಿಟ್ಟಿರಬೇಕು. ದುಬೈನಲ್ಲಿ ವ್ಯಾಟ್ ಶೇ 5 ಮಾತ್ರ, ವಾಪಸ್ ಬರುವುದೂ ಅಷ್ಟಕ್ಕಷ್ಟೆ. ಜಪಾನಿನಲ್ಲಿ ಶೇ 10. ಪಾಸ್‌ಪೋರ್ಟ್ ತೋರಿಸಿದರೆ ಅಂಗಡಿಯಲ್ಲೇ ತೆರಿಗೆ ಬಿಡುತ್ತಿದ್ದ ಪದ್ಧತಿಗೆ ಬದಲಾಗಿ, 2026ರ ನವೆಂಬರ್ 1ರಿಂದ ಮೊದಲು ಪೂರ್ತಿ ಹಣ ಕೊಟ್ಟು ವಿಮಾನ ನಿಲ್ದಾಣದಲ್ಲಿ ತಪಾಸಣೆಯಾದ ಮೇಲೆ ವಾಪಸ್ ಪಡೆಯುವ ಕ್ರಮ ಗೊತ್ತಾಗಿದೆ. ಬ್ರಿಟನ್ನಿನ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2021ರ ಜನವರಿ 1ರಿಂದ ಈ ಸೌಲಭ್ಯವೇ ಇಲ್ಲ. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಇನ್ನೂ ಇದೆಯೆಂದು ಓದಿ ಲಂಡನ್ನಿನಲ್ಲಿ ಕೊಂಡು ನಿರಾಶರಾಗಬೇಡಿ.

ಐರೋಪ್ಯ ಒಕ್ಕೂಟದಲ್ಲಿ ಕೊಂಡರೆ ಅಂಗಡಿಯಲ್ಲೇ ಫಾರ್ಮ್ ಮಾಡಿಸಿ, ವಸ್ತುವನ್ನು ಕೈಚೀಲದಲ್ಲಿಟ್ಟುಕೊಂಡು, ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಹಾಕಿಸಬೇಕು. ಬರ್ಲಿನ್‌ನಲ್ಲಿ ಕೊಂಡು ಪ್ಯಾರಿಸ್ ಮೂಲಕ ಬೆಂಗಳೂರಿಗೆ ಬರುವವರು ಪ್ಯಾರಿಸ್‌ನಲ್ಲಿ. ಸಾಲು ಉದ್ದವಿರುತ್ತದೆ, ಸಮಯ ಇಟ್ಟುಕೊಳ್ಳಿ. ಮಧ್ಯವರ್ತಿ ಸಂಸ್ಥೆಗಳು ತಮ್ಮ ಶುಲ್ಕ ಹಿಡಿಯುವುದರಿಂದ ಪೂರ್ತಿ ತೆರಿಗೆ ಕೈಗೆ ಬರದು. ಅಲ್ಲೇ ನೆಲೆಸಿ ಓದುವ ವಿದ್ಯಾರ್ಥಿಗಳನ್ನು ಪ್ರವಾಸಿಗರೆಂದು ಪರಿಗಣಿಸುವುದಿಲ್ಲ.

ಫೋನಿಗೆ ಎರಡು ಮಾತು

ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಜಿಯೊ, ಏರ್‌ಟೆಲ್, ವಿ ಮೂರೂ ಇ-ಸಿಮ್ ಕೊಡುತ್ತವೆ; ಆದರೆ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕುವ ರೂಢಿಯಿರುವ ಅಪ್ಪ ಅಮ್ಮನಿಗೆ ಇಂಥ ಫೋನು ಉಡುಗೊರೆ ತರುವಾಗ ಯೋಚಿಸಿ. ಮೊಬೈಲ್ ಕಂಪನಿಯ ಕಂತಿನಲ್ಲಿ ಕೊಂಡ ಫೋನು ಆ ಕಂಪನಿಗೇ ಲಾಕ್ ಆಗಿರಬಹುದು. ‘ಅನ್‌ಲಾಕ್ಡ್’ ಎಂದು ಬರೆದಿರುವುದನ್ನೇ ಕೊಳ್ಳಿ.

ಕರೆಂಟು: ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ

ಹೆಚ್ಚು ಸಾಮಾನು ಸುಟ್ಟುಹೋಗುವುದು ಇಲ್ಲೇ, ಹೀಗಾಗಿ ನಿಧಾನವಾಗಿ ನೋಡೋಣ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್. ಅಲ್ಲಿ ಪೂರ್ವ ಭಾಗದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60. ಬ್ರಿಟನ್, ಯುರೋಪ್, ಸಿಂಗಪುರ, ಯುಎಇಗಳಲ್ಲಿ ವೋಲ್ಟೇಜ್ ನಮ್ಮಷ್ಟೇ ಇದ್ದರೂ ಪಿನ್ನಿನ ಆಕಾರ ಬೇರೆ.

ಚಾರ್ಜರಿನ ಹೊಟ್ಟೆಯ ಮೇಲೆ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್’ ಎಂದು ಮುದ್ರಿಸಿದ್ದರೆ ಜಗತ್ತಿನ ಯಾವ ಮೂಲೆಗೂ ಒಯ್ಯಬಹುದು. ಲ್ಯಾಪ್‌ಟಾಪ್, ಫೋನ್, ಕ್ಯಾಮೆರಾ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಬೇಕಾಗುವುದು ಪಿನ್ ಬದಲಿಸುವ ಅಡಾಪ್ಟರ್ ಮಾತ್ರ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ಮಿಕ್ಸಿ, ಕೆಟಲ್, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್‌ಗಳ ಕತೆಯೇ ಬೇರೆ. ಬಿಸಿಮಾಡುವ ಉಪಕರಣದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಏರುತ್ತದೆ. ಇಲ್ಲಿನ 1,000 ವ್ಯಾಟ್ ಕೆಟಲ್ ಅಮೆರಿಕದಲ್ಲಿ ಸುಮಾರು 270 ವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ. ನೀರು ಕುದಿಯುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಇದರ ತಿರುವುಮುರುವು ಅಪಾಯಕಾರಿ. ಅಲ್ಲಿಂದ ತಂದ 120 ವೋಲ್ಟಿನ ರೈಸ್ ಕುಕ್ಕರನ್ನೋ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರನ್ನೋ ನಮ್ಮ ಗೋಡೆಗೆ ಹಾಕಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ನುಗ್ಗಿ ಕ್ಷಣದಲ್ಲಿ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಬಳಸಬಹುದೆನ್ನುತ್ತಾರೆ. ಇಂಥ ಹೊರೆಗೆ ತಕ್ಕ ಟ್ರಾನ್ಸ್‌ಫಾರ್ಮರ್ ಭಾರಿ ತೂಕದ್ದು, ದುಬಾರಿ; ಆ ಹಣಕ್ಕೆ ಇಲ್ಲೇ ಹೊಸ ಕುಕ್ಕರ್ ಬರುತ್ತದೆ. ದೋಸೆ ಹಿಟ್ಟು, ಚಟ್ನಿ ಬಿಟ್ಟಿರಲಾಗದೆ ಅಮೆರಿಕಕ್ಕೆ ಮಿಕ್ಸಿ ಒಯ್ಯುವವರು ನಮ್ಮ ಕಂಪನಿಗಳೇ ಆ ದೇಶಕ್ಕೆಂದು ಮಾಡುವ 110 ವೋಲ್ಟ್ ಮಾದರಿಯನ್ನು ಕೇಳಿ ಪಡೆಯಿರಿ.

ಲ್ಯಾಪ್‌ಟಾಪಿಗೆ ಅಡಾಪ್ಟರಿಗಿಂತ ಒಳ್ಳೆಯ ಉಪಾಯ ಒಂದಿದೆ. ಹಲವು ಚಾರ್ಜರುಗಳಲ್ಲಿ ಗೋಡೆಗೆ ಹೋಗುವ ವೈರು ಬಿಚ್ಚಿಕೊಳ್ಳುತ್ತದೆ. ತುದಿ ಮೂರು ಎಸಳಿನ ಆಕಾರದ್ದೋ ಇಂಗ್ಲಿಷಿನ ಎಂಟರ ಆಕಾರದ್ದೋ ಇರುತ್ತದೆ. ಇದು ಎಲ್ಲ ದೇಶಗಳಲ್ಲೂ ಒಂದೇ ಅಳತೆ. ಹೋದ ಊರಿನಲ್ಲಿ ಅಲ್ಲಿನ ಪಿನ್ನಿರುವ ವೈರನ್ನು ಕೊಂಡು ಸಿಕ್ಕಿಸಿಕೊಳ್ಳಿ. ಬೆಲೆ ಅಲ್ಪ, ಸಡಿಲ ಅಡಾಪ್ಟರಿನ ಕಿಡಿಯ ಭಯವಿಲ್ಲ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನಲ್ಲಿ ಚಾರ್ಜಿಗಿಟ್ಟಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುವುದುಂಟು. ಅದು ಚಾರ್ಜರಿನೊಳಗಿಂದ ಸೋರುವ ಅತ್ಯಲ್ಪ ಕರೆಂಟು. ಮೂರು ಪಿನ್ನಿನ ವೈರು ಹಾಕಿದರೆ ನಿಲ್ಲುತ್ತದೆ. ಐರೋಪ್ಯ ಒಕ್ಕೂಟ ಫೋನುಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯ ಮಾಡಿದೆ. ಹೊಸದು ಕೊಳ್ಳುವಾಗ ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವುದನ್ನೇ ಆರಿಸಿದರೆ ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ 65 ವ್ಯಾಟ್ ಚಾರ್ಜರ್ ಸಾಕಾಗುತ್ತದೆ. ಗೇಮಿಂಗ್ ಯಂತ್ರಗಳಿಗೆ ಮಾತ್ರ ಸಾಲದು.

ವಿಮಾನದಲ್ಲಿ

ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ, ನಡೆಯುತ್ತದೆ. 30,000ದ್ದು 111 ಆಗುವುದರಿಂದ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಮುದ್ರೆ ಅಳಿಸಿಹೋದದ್ದನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳಬಹುದು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ವಿಮಾನ ಬೆಂಕಿಗೆ ಆಹುತಿಯಾದ ಮೇಲೆ ನಿಯಮಗಳು ಬಿಗಿಯಾಗಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆಯನ್ನೇ ನಿಲ್ಲಿಸಿದೆ. ಲ್ಯಾಪ್‌ಟಾಪನ್ನೂ ಕೈಚೀಲದಲ್ಲೇ ಇಡಿ. ಹೊರಡುವ ಮುನ್ನ ಕಡತಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿರಲಿ.

ಬಂದಿಳಿದ ಮೇಲೆ ಕಸ್ಟಮ್ಸ್

18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಇದು ಸಾಮಾನ್ಯ ವಿನಾಯಿತಿಯ ಮೊತ್ತಕ್ಕೆ ಹೊರತಾದದ್ದು. ಎರಡನೆಯ ಲ್ಯಾಪ್‌ಟಾಪ್, ಹೊಸ ಫೋನು, ಕ್ಯಾಮೆರಾ ಆ ಮೊತ್ತದೊಳಗೆ ಬರಬೇಕು. 2016ರ ಬ್ಯಾಗೇಜ್ ನಿಯಮಗಳು ಅದನ್ನು ತಲೆಗೆ 50,000 ರೂಪಾಯಿ ಎಂದು ಗೊತ್ತುಮಾಡಿದ್ದವು. ಮೊತ್ತವೂ ಸುಂಕದ ದರವೂ ಬಜೆಟ್ ಹೊತ್ತಿನಲ್ಲಿ ಬದಲಾಗುವಂಥವು, ಹಾಗಾಗಿ ಪ್ರಯಾಣದ ವಾರ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ (ಸಿಬಿಐಸಿ) ಜಾಲತಾಣದಲ್ಲಿ ನೋಡಿಕೊಳ್ಳಿ. ಗಂಡ ಹೆಂಡತಿಯ ವಿನಾಯಿತಿ ಕೂಡಿಸಿ ಒಂದು ದುಬಾರಿ ಫೋನಿಗೆ ಬಳಸಲು ಬರುವುದಿಲ್ಲ. ಕೊಲ್ಲಿಯಿಂದ ಮಂಗಳೂರಿಗೆ ಬರುವವರು ದೊಡ್ಡ ಟಿ.ವಿ. ತರುತ್ತಿದ್ದ ಕಾಲವೂ ಹೋಯಿತು: 2013ರ ಆಗಸ್ಟ್‌ನಿಂದ ಎಲ್‌ಇಡಿ, ಎಲ್‌ಸಿಡಿ ಟಿ.ವಿ.ಗಳಿಗೆ ವಿನಾಯಿತಿ ಇಲ್ಲ.

ಮಿತಿ ಮೀರಿದ್ದರೆ ನೀವಾಗಿಯೇ ಕೆಂಪು ಚಾನೆಲ್‌ಗೆ ಹೋಗಿ ಬಿಲ್ ತೋರಿಸಿ ಸುಂಕ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಹಸಿರು ಚಾನೆಲ್‌ನಲ್ಲಿ ಸಿಕ್ಕಿಬಿದ್ದರೆ ಸುಂಕದ ಜತೆ ದಂಡ, ಕೆಲವೊಮ್ಮೆ ವಸ್ತುವಿನ ಜಪ್ತಿ. ಇಲ್ಲಿಂದ ದುಬಾರಿ ಕ್ಯಾಮೆರಾ, ಎರಡು ಲ್ಯಾಪ್‌ಟಾಪ್ ಒಯ್ಯುವವರು ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಮರಳುವಾಗ ಪ್ರಶ್ನೆ ಏಳದು. ಡ್ರೋನ್ ಮಾತ್ರ ಯಾವ ಬೆಲೆಗೆ ಸಿಕ್ಕರೂ ತರಬೇಡಿ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದರ ಆಮದನ್ನೇ ನಿಷೇಧಿಸಿದೆ.