ನಾಟಿ ಕೆಲಸದವರ ಬೆನ್ನು ಮತ್ತು ಭುಜಗಳ ರಕ್ಷಣೆ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಶಿಂಷಾ ನದಿಗೆ ಸಮೀಪದ ಗ್ರಾಮ. ಇಲ್ಲಿಯ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳ ಹಿಕ್ಕೆಯು ಉತ್ತಮ ಗೊಬ್ಬರವೆಂಬುದನ್ನು ಗ್ರಾಮದ ರೈತರು ಬಹುಕಾಲದಿಂದ ಬಲ್ಲರು. ಭೂಮಿಯ ಸಾರವನ್ನು ಕಾಪಾಡುವವರು ದುಡಿಯುವ ದೇಹವನ್ನೂ ಕಾಪಾಡಿಕೊಳ್ಳುವುದು ಅವಶ್ಯ. ನಾಟಿಯ ಕಾಲದಲ್ಲಿ ಬೆನ್ನು ಹಿಡಿದುಕೊಂಡರೆ ಮನೆಗೆ ಬರುವ ಕೂಲಿಯೂ ನಿಲ್ಲುವುದು. ಮಡಿಯಲ್ಲಿ ಸಸಿಯೂ ಬಲಿತುಹೋಗುವುದು.

ನೋವಿನ ಕಾರಣ.— ನಾಟಿ ಮಾಡುವವರೂ ಕಳೆ ಕೀಳುವವರೂ ಗಂಟೆಗಟ್ಟಲೆ ಮುಂದಕ್ಕೆ ಬಾಗಿರುವರು. ಇದರಿಂದ ಬೆನ್ನಿನ ಮಾಂಸಖಂಡಗಳು ದಣಿಯುವುವು. ಬೆನ್ನೆಲುಬನ್ನು ಹಿಡಿದಿರುವ ನಾರುಕಟ್ಟುಗಳು ಮೆಲ್ಲಮೆಲ್ಲನೆ ಹಿಗ್ಗಿ, ನೆಟ್ಟಗೆ ನಿಂತ ಮೇಲೂ ಕೆಲಕಾಲ ಸಡಿಲವಾಗಿಯೇ ಇರುವುವು. ಆದಕಾರಣ ಬಾಗಿದ್ದವರು ಎದ್ದೊಡನೆಯೇ ಗೊಬ್ಬರದ ಮಂಕರಿಯನ್ನಾಗಲಿ ಸಸಿಯ ಹೊರೆಯನ್ನಾಗಲಿ ಎತ್ತಕೂಡದು.

ಎರಡು ವಿಧದ ಸಾಧನೆ.— ಚೀನಾ ದೇಶದವರು ಚಲನೆ ಮತ್ತು ಕಾವನ್ನು ‘ಯಾಂಗ್’ ಎಂದೂ, ನಿಶ್ಚಲತೆ ಮತ್ತು ತಂಪನ್ನು ‘ಯಿನ್’ ಎಂದೂ ಕರೆಯುವರು. ಆಸನಗಳಿಗೆ ಈ ಹೆಸರುಗಳನ್ನು ಕೊಡುವ ಪದ್ಧತಿ ಈಚಿನದು. ಅದು 1970ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಬೆಳೆಯಿತು. ಆಸನಗಳಾದರೋ ಮೈಸೂರು ಸೀಮೆಗೆ ಹೊಸವಲ್ಲ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1933ರಿಂದ ಪಾಠ ಹೇಳಿದ ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು.

ಬೆಳಗ್ಗೆ.— ಕೆಲಸಕ್ಕೆ ಮುಂಚೆ ಐದು ನಿಮಿಷ ಯಾಂಗ್ ಸಾಧನೆ ಮಾಡತಕ್ಕದ್ದು. ಭುಜಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬೇಕು. ಅನಂತರ ಅಂಗೈಗಳನ್ನೂ ಮಂಡಿಗಳನ್ನೂ ನೆಲಕ್ಕೂರಿ, ಉಸಿರೆಳೆಯುವಾಗ ಬೆನ್ನನ್ನು ತಗ್ಗಿಸಿ, ಬಿಡುವಾಗ ಬೆಕ್ಕಿನಂತೆ ಉಬ್ಬಿಸಬೇಕು. ಒಂದೊಂದನ್ನೂ 8ರಿಂದ 10 ಸಲ ಮಾಡಿದರೆ ಸಾಕು.

ಗದ್ದೆಯಲ್ಲಿ.— ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಅಂಗೈಗಳನ್ನು ಸೊಂಟದ ಹಿಂದಿಟ್ಟು, ಐದಾರು ಸಲ ನಿಧಾನವಾಗಿ ಹಿಂದಕ್ಕೆ ಬಾಗಬೇಕು.

ಸಂಜೆ.— ಊಟಕ್ಕೆ ಮುಂಚೆ ಯಿನ್ ಸಾಧನೆ. ಈ ಪದ್ಧತಿಯಲ್ಲಿ ಮುಂದಕ್ಕೆ ಬಾಗುವ ಆಸನಗಳು ಹಲವುಂಟು. ಆದರೆ ದಿನವೆಲ್ಲ ಮುಂದಕ್ಕೆ ಬಾಗಿದ ಬೆನ್ನಿಗೆ ಮತ್ತೆ ಅದೇ ಸೆಳೆತವನ್ನು ಕೊಡುವುದು ಯುಕ್ತವಲ್ಲ. ನಾಟಿಯ ದಿನಗಳಲ್ಲಿ ಅವನ್ನು ಬಿಡತಕ್ಕದ್ದು. ಅದರ ಬದಲು ಬೋರಲು ಮಲಗಿ, ಮೊಳಕೈಗಳನ್ನೂರಿ, ಎದೆಯನ್ನು ಸ್ವಲ್ಪ ಎತ್ತಿ ನಿಶ್ಚಲವಾಗಿರಬೇಕು. ತರುವಾಯ ಕಂಬಳಿಯ ಸುರುಳಿಯನ್ನು ಹೆಗಲ ಮೂಳೆಗಳ ಕೆಳಗೆ ಅಡ್ಡಲಾಗಿಟ್ಟು, ಅಂಗಾತ ಮಲಗಿ, ತೋಳುಗಳನ್ನು ಪಕ್ಕಕ್ಕೆ ಚಾಚಬೇಕು. ಮೊದಲು ಒಂದು ನಿಮಿಷ, ಅಭ್ಯಾಸವಾದಂತೆ ಮೂರು ನಿಮಿಷ.

ಎಚ್ಚರಿಕೆ.— ಹದವಾದ ಸೆಳೆತವಿರಬಹುದು; ಇರಿಯುವ ನೋವು ಬಂದೊಡನೆ ನಿಲ್ಲಿಸತಕ್ಕದ್ದು. ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಇರುವವರೂ ಗರ್ಭಿಣಿಯರೂ ಮೂಳೆ ಸವೆದ ವೃದ್ಧರೂ ವೈದ್ಯರನ್ನು ಕೇಳಿದ ಹೊರತು ತೊಡಗಕೂಡದು. ಬೆನ್ನುನೋವಿನೊಡನೆ ಮೂತ್ರ ತಡೆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆಸನಗಳಿಂದ ನೋವು ತಗ್ಗಬಹುದು, ಕಾರಣ ತಪ್ಪುವುದಿಲ್ಲ. ಸಾಲು ನಾಟಿ ಮಾಡಿದರೆ ತಳ್ಳುವ ಕಳೆಯಂತ್ರವನ್ನು ನಿಂತೇ ನಡೆಸಬಹುದು. ಆಗ ಕಳೆಯ ಕೆಲಸದಲ್ಲಾದರೂ ಬೆನ್ನು ಬಾಗುವುದು ಬಹುಮಟ್ಟಿಗೆ ಕಡಿಮೆಯಾಗುವುದು.